ಪದೇ ಪದೇ ಕೈಕೊಡುತ್ತಿದ್ದರೂ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳಿಗೆ ಜನ ಯಾಕೆ ಮುಗಿಬೀಳುತ್ತಿದ್ದರು?

ಓಡಿಸುವ ಖುಷಿಗೆ. ಕಾರು ಹಗುರ, ನೆಲಕ್ಕೆ ಹತ್ತಿರ, ಬೆಲೆಯೂ ಕೈಗೆಟುಕುವಂಥದ್ದು. ಕೈಕೊಡುತ್ತಿದ್ದುದಕ್ಕೂ ಆ ಬೆಲೆಯೇ ದೊಡ್ಡ ಕಾರಣ: ಹೊಸ ಎಂಜಿನ್ ಮಾಡುವ ಬದಲು ಇದ್ದ ಹಳೆಯದನ್ನೇ ತಿದ್ದಿ ಕೂರಿಸುತ್ತಿದ್ದರು. 1961ರ ಟ್ರಯಂಫ್ ಟಿಆರ್4 ನೋಡಿ. ಅದರ ಎಂಜಿನ್ ಫರ್ಗ್ಯುಸನ್ ಟ್ರ್ಯಾಕ್ಟರ್ ಎಂಜಿನ್‌ನ ಹತ್ತಿರದ ಸಂಬಂಧಿ. ಗಟ್ಟಿಮುಟ್ಟು, ನಿಜ. ಆದರೆ ಕ್ರ್ಯಾಂಕ್‌ಶಾಫ್ಟ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ದಂಡದ ಹಿಂದೆ ರಬ್ಬರ್ ಸೀಲ್ ಇಲ್ಲ, ಸ್ಕ್ರೂನಂಥ ಗೀರುಗಳಷ್ಟೇ. ತಿರುಗುವಾಗ ಅವು ಆಯಿಲನ್ನು ಒಳಗೆ ತಳ್ಳುತ್ತವೆ. ಎಂಜಿನ್ ನಿಂತರೆ ತಡೆಯೋದು ಏನೂ ಇಲ್ಲ, ಸುಮ್ನೆ ತೊಟ್ಟಿಕ್ಕುತ್ತದೆ.

1969ರಲ್ಲಿ ಜಪಾನಿನ ಡಾಟ್ಸನ್ 240ಝಡ್ ಬಂತು. ಅಂದವೂ ಇತ್ತು, ವೇಗವೂ ಇತ್ತು, ನಂಬಿಕೆಯೂ ಜಾಸ್ತಿ. ಅಮೆರಿಕದ ಗ್ರಾಹಕರು ಅತ್ತ ಹೊರಳಿದರು.