ಬಾಣಂತನದಲ್ಲಿ ಮರೆತುಹೋದ ಚೀಟಿ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮಗುವಿಗೆ ನಾಲ್ಕೂವರೆ ತಿಂಗಳು. ತೀರ್ಥಹಳ್ಳಿ ಕಡೆಯ ತಾಯಿ, ಜೊತೆಗೆ ಅವರ ಅಮ್ಮ. ತಾಯಿ ಕಾರ್ಡಿನೊಳಗೆ ಮಡಚಿಟ್ಟ ಒಂದು ಚೀಟಿ. ಹುಟ್ಟಿದ ಎರಡನೇ ದಿನ ಮಾಡಿದ ಒಎಇ ಕಿವಿ ಪರೀಕ್ಷೆಯದು. ಎರಡೂ ಕಿವಿಗೆ ‘ರೆಫರ್’, ಅಂದರೆ ಮತ್ತೆ ಪರೀಕ್ಷೆ ಆಗಬೇಕು.

“ಮತ್ತೆ ತೋರಿಸಿ ಅಂದಿದ್ರು. ಎಲ್ಲಿ, ಯಾವಾಗ ಅಂತ ಹೇಳ್ಲಿಲ್ಲ ಮೇಡಂ.”

ಬಾಣಂತನ ಹೊಸನಗರದ ತವರಿನಲ್ಲಿ. ಗಂಡನ ಊರಿನ ಆಶಾ, ಮಗು ತವರಲ್ಲಿದೆ ಎಂದು ಬರೆದುಕೊಂಡರು. ತವರಿನ ಆಶಾ ತೂಕ ನೋಡಿದರು, ಚೀಟಿ ಅವರ ಕಣ್ಣಿಗೆ ಬೀಳಲಿಲ್ಲ. ನಾನು ನೋಡಿದ ಹಾಗೆ, ನಮ್ಮ ಕಡೆ ಇಂಥ ಮಕ್ಕಳು ಕೈತಪ್ಪುವುದು ಜಾಸ್ತಿ ಈ ತಿಂಗಳುಗಳಲ್ಲೇ.

“ಪಾತ್ರೆ ಬಿದ್ರೆ ಬೆಚ್ಚಿ ಬೀಳ್ತದೆ. ಸುಮ್ನೆ ಹೆದರಿಸ್ಬೇಡಿ” ಎಂದರು ಅಜ್ಜಿ. ದೊಡ್ಡ ಸದ್ದಿಗೆ ಬೆಚ್ಚುವ ಮಗುವಿಗೂ ಮೆಲ್ಲಗಿನ ಮಾತು ಕೇಳದೆ ಇರಬಹುದು ಎಂದೆ. ರೆಫರ್ ಅಂದರೆ ಕಿವುಡು ಅಂತಲ್ಲ. ಹುಟ್ಟುವಾಗಿನ ನೀರು, ಜಿಡ್ಡು ಕಿವಿಯಲ್ಲಿ ಉಳಿದಿದ್ದರೂ ಹಾಗೆ ಬರುತ್ತದೆ. ಮತ್ತೆ ನೋಡಿದರೇ ಗೊತ್ತಾಗುವುದು. 1 ತಿಂಗಳೊಳಗೆ ಮೊದಲ ಪರೀಕ್ಷೆ, 3 ತಿಂಗಳೊಳಗೆ ಖಚಿತ ಪರೀಕ್ಷೆ, 6 ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಶುರುವಾಗಬೇಕು. ನಮಗೆ ಉಳಿದಿದ್ದು ಆರು ವಾರ.

ಗ್ರಹಣದ ದಿನ ಹೊರಗೆ ಹೋಗಿದ್ದಕ್ಕಾ ಎಂದು ತಾಯಿ ಅತ್ತರು. ಅಲ್ಲ ಎಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದೆ. ಒಂದು ಸಲ ಸಾಲದ ಮಾತು ಅದು.

ವಿಳಾಸ ಬರೆದುಕೊಟ್ಟು ಕಳಿಸಲಿಲ್ಲ. ಅಲ್ಲೇ ಕೂತು ಮಕ್ಕಳ ದೋಷಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಸರ್ಕಾರಿ ಕೇಂದ್ರವಾದ ಜಿಲ್ಲೆಯ ಡಿಇಐಸಿಗೆ ಫೋನ್ ಮಾಡಿ ದಿನ ಗೊತ್ತು ಮಾಡಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇದು ಉಚಿತ. ಇಬ್ಬರೂ ಆಶಾಗಳ ನಂಬರ್ ಕಾರ್ಡಿನ ಮೇಲೆ ಬರೆಸಿದೆ. ಸದ್ದಿಗೆ ಕಿವಿಯ ನರ, ಮೆದುಳು ಹೇಗೆ ಸ್ಪಂದಿಸುತ್ತವೆ ಎಂದು ನೋಡುವ ಖಚಿತ ಪರೀಕ್ಷೆ ಬೇರಾ. ಅದಕ್ಕೆ ಮಗು ಮಲಗಿರಬೇಕು. ಹಾಗಾಗಿ ಬಸ್ಸಿನಲ್ಲಿ ಆದಷ್ಟು ಎಚ್ಚರವಾಗಿಡಿ, ಅಲ್ಲಿಗೆ ಹೋಗಿ ಹಾಲು ಕುಡಿಸಿ ಮಲಗಿಸಿ ಎಂದೆ. ಅಪ್ಪನೂ ಬರಲಿ ಎಂದೆ, ಬಂದರು.

ಎರಡೂ ಕಿವಿಯಲ್ಲಿ ದೋಷವಿತ್ತು. ಆರು ತಿಂಗಳು ತುಂಬುವ ಹೊತ್ತಿಗೆ ಸಾಧನ ಹಾಕಿದರು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಕೊಡಿಸಿದೆ. ಮಾತಿನ ತರಬೇತಿಯಲ್ಲಿ ದೊಡ್ಡ ಪಾಲು ಮನೆಯದೇ. ಮಡಿಲಲ್ಲಿ ಮಲಗಿಸಿಕೊಂಡು, ಮುಖ ನೋಡುತ್ತಾ ಮಾತಾಡಿಸುವ ಕೆಲಸ ಅಜ್ಜಿಗೆ ವಹಿಸಿದೆ.

ಮಳೆಗಾಲ ಹತ್ತಿರವಿತ್ತು. ತೇವಕ್ಕೆ ಸಾಧನ ಕೆಡುತ್ತದೆ ಅಂದಾಗ ಅಜ್ಜಿ ಕೇಳಿದರು: “ಒಲೆ ಮೇಲಿನ ಅಟ್ಟದಲ್ಲಿಟ್ರೆ ಒಣಗ್ತದಲ್ವಾ?”

“ಬೇಡಮ್ಮ, ಬಿಸಿಗೆ ಹಾಳಾಗ್ತದೆ. ರಾತ್ರಿ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.”