ಅದಿರಿನ ಹಡಗು ಮಗುಚುವುದೇಕೆ?

ಪತ್ರ: 2009ರ ಜುಲೈನಲ್ಲಿ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ಮಂಗಳೂರಿನಲ್ಲಿ ಕಬ್ಬಿಣದ ಅದಿರು ತುಂಬಿಕೊಂಡು ಹೊರಟ ಬೆನ್ನಿಗೇ ಮುಳುಗಿತು. ಅಳತೆ ಮೀರಿ ಭಾರ ಹೇರಿದ್ದೇ ಕಾರಣ ಎಂದು ನಮ್ಮೂರಿನಲ್ಲಿ ಈಗಲೂ ಹೇಳುತ್ತಾರೆ. ನಿಜವೇ? ನನ್ನ ಮಗ ಈಚೆಗೆ ಅದಿರು, ಕಲ್ಲಿದ್ದಲು ಸಾಗಿಸುವ ಹಡಗಿನಲ್ಲಿ ಕೆಲಸಕ್ಕೆ ಸೇರಿದ್ದಾನೆ.
– ಓದುಗರೊಬ್ಬರು, ಉಡುಪಿ

ಸಂಪಾದಕರ ಉತ್ತರ: ಮಾನ್ಯರೇ, ಮಗನನ್ನು ಕಡಲಿಗೆ ಕಳುಹಿಸಿರುವ ನಿಮಗೆ ಒಂದೆರಡು ಸಾಲಿನ ಉತ್ತರ ಸಾಲದು. ತುಸು ದೀರ್ಘವಾಗಿಯೇ ಬರೆಯುತ್ತೇನೆ.

ಹೆಚ್ಚು ಭಾರ ಹೇರುವುದಕ್ಕೆ ಕಡಿವಾಣ ಬಿದ್ದು ಬಹಳ ಕಾಲವಾಯಿತು. ಹಡಗಿನ ಹೊರಮೈಯ ನಡುಭಾಗದಲ್ಲಿ ಒಂದು ವೃತ್ತ, ಅದನ್ನು ಸೀಳಿಹೋಗುವ ಅಡ್ಡಗೆರೆ ಇರುವುದನ್ನು ಪಣಂಬೂರಿನ ಬಂದರಿನಲ್ಲಿ ನೀವು ನೋಡಿರಬಹುದು. ಬ್ರಿಟನ್ನಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ನಾವಿಕರ ಪರವಾಗಿ ಪಟ್ಟು ಬಿಡದೆ ಹೋರಾಡಿ 1876ರ ಕಾನೂನಿನಲ್ಲಿ ಸೇರಿಸಿದ ಗುರುತು ಅದು. ನೀರು ಗೆರೆ ದಾಟುವಷ್ಟು ಸರಕು ತುಂಬುವಂತಿಲ್ಲ. ಆದರೆ ಗೆರೆ ಮುಳುಗದೆ ಇದ್ದಾಗಲೂ ಹಡಗು ಮಗುಚಬಹುದು. ಏಷ್ಯನ್ ಫಾರೆಸ್ಟ್ ವಾಲಿದ್ದು ಒಳಗಿನ ಅದಿರು ಕೆಸರಾಗಿ ಸರಿದದ್ದರಿಂದ. ಅದರಲ್ಲಿದ್ದ 18 ಮಂದಿಯೂ ಬದುಕಿ ಬಂದರು ಎಂಬುದೊಂದೇ ಸಮಾಧಾನ.

ಹಡಗು ಎಡಕ್ಕೆ ವಾಲಿದಾಗ ಅದರ ಎಡಮೈ ಹೆಚ್ಚು ಮುಳುಗುತ್ತದೆ. ಆಗ ನೀರು ಮೇಲಕ್ಕೆ ಒತ್ತುವ ಬಲವೂ ಎಡಕ್ಕೆ ಸರಿದು ಹಡಗನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತದೆ. ಕಡಲಿನಲ್ಲಿ ದಿನವಿಡೀ ನಡೆಯುವುದು ಇದೇ. ಸರಕು ಇದ್ದಲ್ಲೇ ಇದ್ದರೆ ಮಾತ್ರ ಈ ಲೆಕ್ಕ ಸರಿಹೋಗುತ್ತದೆ.

ಅದಿರಿನ ಪುಡಿ ಮಳೆಗಾಲದಲ್ಲಿ ಬಯಲಿನಲ್ಲಿ ರಾಶಿ ಬಿದ್ದಿದ್ದರೆ ನೀರು ಕುಡಿಯುತ್ತದೆ. ಹಡಗಿಗೆ ಸುರಿಯುವಾಗ ಅದು ನೋಡಲು ಗಟ್ಟಿಯಾಗಿಯೇ ಇರುತ್ತದೆ. ಹೊರಟ ಮೇಲೆ ಎಂಜಿನ್ನಿನ ನಡುಕಕ್ಕೆ, ಅಲೆಗಳ ಹೊಡೆತಕ್ಕೆ ಕಣಗಳು ಒತ್ತೊತ್ತಾಗಿ ಕೂರತೊಡಗುತ್ತವೆ. ನಡುವೆ ಸಿಕ್ಕಿಬಿದ್ದ ನೀರಿಗೆ ಹೋಗಲು ದಾರಿಯಿಲ್ಲ. ಅದರ ಒತ್ತಡ ಏರಿ ಕಣಗಳ ಹಿಡಿತವನ್ನೇ ಸಡಿಲಿಸಿಬಿಡುತ್ತದೆ. ನೋಡನೋಡುತ್ತಲೇ ರಾಶಿ ರಾಡಿಯಾಗುತ್ತದೆ. ಹರಿವಾಣದಲ್ಲಿ ನೀರು ಹಿಡಿದು ನಡೆದವರಿಗೆ ಮುಂದಿನದು ಗೊತ್ತು: ವಾಲಿದ ಕಡೆಗೇ ಎಲ್ಲವೂ ನುಗ್ಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಹಡಗು ಮರಳಿ ಈಚೆಗೆ ವಾಲಿದಾಗ ರಾಡಿ ಪೂರ್ತಿ ಹಿಂದಿರುಗುವುದಿಲ್ಲ. ಪ್ರತಿ ಹೊಯ್ದಾಟಕ್ಕೂ ಒಂದಿಷ್ಟು ಅತ್ತಲೇ ಉಳಿಯುತ್ತದೆ. ತೈಲದ ಹಡಗುಗಳಲ್ಲಿ ಇದಕ್ಕಾಗಿಯೇ ಉದ್ದಕ್ಕೂ ಗೋಡೆ ಕಟ್ಟಿರುತ್ತಾರೆ. ನಟ್ಟನಡುವೆ ಒಂದೇ ಗೋಡೆ ಬಂದರೂ ದ್ರವದ ಕಾಟ ಕಾಲುಭಾಗಕ್ಕೆ ಇಳಿಯುತ್ತದೆ. ಸಾಮಾನ್ಯ ಒಣಸರಕಿನ ಹಡಗಿನ ಹೋಲ್ಡಿನಲ್ಲಿ, ಎಂದರೆ ಸರಕು ತುಂಬುವ ಒಳಕೋಣೆಯಲ್ಲಿ, ಅಂಥ ಗೋಡೆಯಿಲ್ಲ. ಅದಿರು ತೂಕದ ವಸ್ತುವಾದ್ದರಿಂದ ಹೋಲ್ಡಿನ ತಳಭಾಗವಷ್ಟೇ ತುಂಬಿ, ಮೇಲೆಲ್ಲ ಖಾಲಿ ಉಳಿದಿರುತ್ತದೆ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಬಳಿ ‘ಬ್ಲ್ಯಾಕ್ ರೋಸ್’ ಎಂಬ ಹಡಗೂ ಅದಿರಿನ ಪುಡಿ ಹೊತ್ತು ಮುಳುಗಿತು. 2011ರಿಂದ ಇಂಥ ಸರಕಿನ ಅಂತರರಾಷ್ಟ್ರೀಯ ಸಂಹಿತೆ ಕಡ್ಡಾಯವಾಗಿದೆ. ಸರಕು ಎಷ್ಟು ತೇವಕ್ಕೆ ಹರಿಯತೊಡಗುತ್ತದೆ ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆದು, ಅದರ ಶೇ. 90ರಷ್ಟನ್ನು ಮಿತಿಯೆಂದು ಇಟ್ಟುಕೊಳ್ಳುತ್ತಾರೆ. ತೇವಾಂಶದ ಮಾದರಿ ತೆಗೆಯುವುದಕ್ಕೂ ತುಂಬುವುದಕ್ಕೂ ನಡುವೆ ಏಳು ದಿನ ಮೀರಬಾರದು. ಅಷ್ಟರಲ್ಲಿ ಜೋರು ಮಳೆ ಬಂದರೆ ಮತ್ತೆ ಪರೀಕ್ಷಿಸಬೇಕು. ಇಷ್ಟಾದರೂ ಆ ಪ್ರಮಾಣಪತ್ರ ಕೊಡಬೇಕಾದವರು ಸರಕು ಕಳುಹಿಸುವವರೇ. ಬಂದರಿನಲ್ಲಿ ಹಡಗು ಕಾಯುವ ಪ್ರತಿ ದಿನಕ್ಕೂ ದುಡ್ಡು ಸುರಿಯಬೇಕು. ರಾಶಿಗೆ ಟಾರ್ಪಾಲು ಹೊದಿಸುವ ಖರ್ಚು ಉಳಿಸಿ ನಾವಿಕರ ಜೀವವನ್ನು ಪಣಕ್ಕಿಡುವುದು ಅಕ್ಷಮ್ಯವೆಂದೇ ನಾನು ತಿಳಿಯುತ್ತೇನೆ. ಕರ್ನಾಟಕದ ಅದಿರಿನ ರಫ್ತಿಗಿದ್ದ ತಡೆಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ ತೆಗೆದುಹಾಕಿರುವುದರಿಂದ ಈ ಮಾತು ನಮಗೆ ಹಳತಾಗಿಲ್ಲ.

ನಿಮ್ಮ ಮಗನಿಗೆ ಇಷ್ಟು ಹೇಳಿ. ಡಬ್ಬಿಯೊಂದಕ್ಕೆ ಅರ್ಧದಷ್ಟು ಅದಿರು ತುಂಬಿ, ಗೇಣೆತ್ತರದಿಂದ ಗಟ್ಟಿ ನೆಲಕ್ಕೆ ಇಪ್ಪತ್ತೈದು ಸಲ ಕುಟ್ಟಿ ನೋಡುವ ಪರೀಕ್ಷೆಯನ್ನು ಹಡಗಿನ ಮೇಲೆಯೇ ಮಾಡಬಹುದು. ಮೇಲೆ ನೀರು ಒಸರಿದರೆ ಸರಕನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಒಸರದಿದ್ದರೆ ಅಷ್ಟಕ್ಕೇ ನಂಬುವಂತಿಲ್ಲ. ಅದಿರು ಬೀಳುವಾಗ ಹೋಲ್ಡಿನ ಗೋಡೆಗೆ ಕೆಸರು ಸಿಡಿದಿದೆಯೇ, ರಾಶಿ ಗೋಪುರದಂತೆ ನಿಲ್ಲದೆ ಚಪ್ಪಟೆಯಾಗಿ ಹರಡುತ್ತಿದೆಯೇ ಎಂದು ಗಮನಿಸಲಿ. ಕಂಡರೆ ಕೂಡಲೇ ಚೀಫ್ ಆಫೀಸರರಿಗೆ ತಿಳಿಸಲಿ. ತುಂಬುವುದನ್ನು ನಿಲ್ಲಿಸುವ ಅಧಿಕಾರ ಕ್ಯಾಪ್ಟನ್ನರಿಗಿದೆ.