ಹಳದಿ ಎಲೆ ರೋಗ ಬಂದ ಅಡಿಕೆ ತೋಟದಲ್ಲಿ ರಂಬುಟಾನ್ ಬೆಳೆಯಬಹುದೇ?

ಸಂಪಾಜೆ ಕಡೆಯ ನಿಮ್ಮ ಎರಡು ಎಕರೆ ತೋಟಕ್ಕೆ ಹಳದಿ ಎಲೆ ರೋಗ ತಗುಲಿರುವುದರಿಂದ, ಸೊರಗಿದ ಅಡಿಕೆ ಮರಗಳ ನಡುವೆ ರಂಬುಟಾನ್ (ಸಿಪ್ಪೆಯ ಮೇಲೆ ಕೂದಲಿನಂಥ ಎಳೆಗಳಿರುವ ಕೆಂಪು ಹಣ್ಣಿನ ಮರ) ನೆಟ್ಟರೆ ಅದೇ ಮುಂದಕ್ಕೆ ಜೀವನಾಧಾರವಾದೀತೇ ಎಂದು ಕೇಳಿದ್ದೀರಿ. ಪುತ್ತೂರಿನ ಸಮೀಪ 12 ವರ್ಷಗಳಿಂದ ಸುಮಾರು 40 ಮರಗಳನ್ನು ಸಾಕಿದವನಾಗಿ ಹೇಳುವುದಾದರೆ, ಈ ಮರವನ್ನು ಬೆಳೆಸುವುದಕ್ಕಿಂತ ಇದರ ಹಣ್ಣನ್ನು ಮಾರುವುದು ಹೆಚ್ಚು ಕಷ್ಟ.

ಎಳೆಯ ಗಿಡಕ್ಕೆ ಮೊದಲ ಎರಡು ವರ್ಷ ಅಡಿಕೆಯ ನೆರಳು ಒಳ್ಳೆಯದೇ. ಆದರೆ ಗೆಲ್ಲುಗಳ ತುದಿಯಲ್ಲಿ ಹೂಬಿಡುವ ಈ ಮರಕ್ಕೆ ಆಮೇಲೆ ಸುತ್ತಲೂ ಬಿಸಿಲು ಬೀಳಬೇಕಾದ್ದರಿಂದ, 30ರಿಂದ 40 ಅಡಿ ಅಂತರ ಬಿಟ್ಟು ನೆಟ್ಟು, ನಡುವಿನ ಅಡಿಕೆಯನ್ನು ಕಡಿಯಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಬೀಜದಿಂದ ಎದ್ದ ಸಸಿಗಳಲ್ಲಿ ಸುಮಾರು ಅರ್ಧದಷ್ಟು ಗಂಡಾಗಿ ಕಾಯಿ ಬಿಡುವುದೇ ಇಲ್ಲ (ನಾನು ನೆಟ್ಟಿದ್ದ ಅಂಥ ಆರರಲ್ಲಿ ನಾಲ್ಕು ಕೊನೆಗೆ ಸೌದೆಯಾದವು). ಹೀಗಾಗಿ ಕೇರಳದಲ್ಲಿ ಬಳಕೆಯಲ್ಲಿರುವ ಎನ್-18 ಅಥವಾ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ಅರ್ಕಾ ಕೂರ್ಗ್ ಅರುಣ್ ತಳಿಯ ಕಸಿ ಗಿಡಗಳನ್ನೇ ತನ್ನಿ. ಹೂಬಿಡುವ ಮುನ್ನ ಮರಕ್ಕೆ ಕೆಲವು ವಾರಗಳ ಒಣಹವೆ ಬೇಕಾಗುವುದರಿಂದ ಆಗ ಅಡಿಕೆಗೆ ಬಿಡುವಂತೆ ನೀರು ಬಿಡಬಾರದು; ಕಾಯಿ ಕಚ್ಚಿದ ಮೇಲೆ ನೀರು ತಪ್ಪಿಸಲೂ ಬಾರದು. ಪೊಟ್ಯಾಷ್ ಸಾಲದಿದ್ದರೆ ಎಲೆಯಂಚು ಸುಟ್ಟಂತಾಗುತ್ತದೆ, ತಿರುಳೂ ತುಂಬುವುದಿಲ್ಲ.

ಇಷ್ಟೆಲ್ಲ ಸರಿಹೋದರೂ, ಮಾವು ಬಾಳೆಗಳಂತೆ ಕೊಯ್ದ ಮೇಲೆ ಮಾಗುವ ಹಣ್ಣು ಇದಲ್ಲ; ಮರದಲ್ಲೇ ಪೂರ್ತಿ ಕೆಂಪಾಗಬೇಕು, ಕೊಯ್ದ ಎರಡು ಮೂರು ದಿನಗಳಲ್ಲೇ ಹೊರಗಿನ ಕೂದಲು ಕಂದಿ ಕಪ್ಪಾಗುತ್ತದೆ, ಆಮೇಲೆ ಒಳಗಿನ ತಿರುಳು ಎಷ್ಟೇ ಚೆನ್ನಾಗಿದ್ದರೂ ಗಿರಾಕಿ ಅದನ್ನು ಮುಟ್ಟುವುದಿಲ್ಲ. ಸಾಲದೆಂಬಂತೆ ನಮ್ಮಲ್ಲಿ ಫಸಲು ಬರುವುದೂ ಜಡಿಮಳೆಯಲ್ಲಿ. ಒಂದು ಜುಲೈಯಲ್ಲಿ ಶಿರಾಡಿ ಘಾಟಿ ಮುಚ್ಚಿದಾಗ, ಬೆಂಗಳೂರಿಗೆ ಹೊರಟಿದ್ದ ಪೆಟ್ಟಿಗೆಗಳನ್ನು ಮನೆಗೆ ಮರಳಿ ತಂದು ನೆಂಟರಿಷ್ಟರಿಗೆ ಹಂಚಿದ್ದೇನೆ. ಅಂದಿನಿಂದ ಮರದ ಮೇಲಿನ ಫಸಲನ್ನೇ ಕೇರಳದ ವ್ಯಾಪಾರಿಗಳಿಗೆ ಗುತ್ತಿಗೆ ಕೊಡುತ್ತಿದ್ದೇನೆ. ಬಾವಲಿಗಳ ಕಾಟಕ್ಕೆ ಬಲೆ ಹೊದಿಸುವುದರಿಂದ ಹಿಡಿದು ಕೊಯ್ದು ಸಾಗಿಸುವವರೆಗೆ ಎಲ್ಲವೂ ಅವರದೇ. ದರ ಕಡಿಮೆ ಸಿಗುತ್ತದೆ, ರಾತ್ರಿ ನಿದ್ದೆಯಂತೂ ಬರುತ್ತದೆ.

ಅಂಥ ವ್ಯಾಪಾರಿಗಳು 20 ಮರಗಳಿಗಾಗಿ ಸಂಪಾಜೆಯವರೆಗೆ ಬರುತ್ತಾರೆಯೇ ಎಂಬುದನ್ನು ಗಿಡ ತರುವ ಮೊದಲೇ ವಿಚಾರಿಸಿ. ಬರುವುದಿಲ್ಲವೆಂದಾದರೆ ಸುತ್ತಲಿನ ನಾಲ್ಕೈದು ಮನೆಯವರು ಒಟ್ಟಾಗಿ ನೆಡುವುದು ಲೇಸು. ಕಸಿ ಗಿಡ ಮೂರನೆಯ ವರ್ಷ ಹೂಬಿಟ್ಟರೂ ಆದಾಯವೆನ್ನುವಷ್ಟು ಹಣ್ಣು ಸಿಗಲು ಆರೇಳು ವರ್ಷ ಬೇಕು. ಅಲ್ಲಿಯವರೆಗೆ ಮನೆಖರ್ಚಿಗೆ ನಡುವೆ ಬಾಳೆ ಹಾಕಿಕೊಳ್ಳಿ.